ಅಗಸಿ ಕಟ್ಟೆಯ ಮೇಲೆ ಅಕ್ಕಾತಾಯಿ

ಖಾನಾಪುರದ ಹಳೇಪೇಟೆಗೆ ಹೋಗುವ ಹಾದಿಯಲ್ಲಿ ಒಂದು ಅಗಸಿ ಇತ್ತು. ಅಗಸಿ ಎಂದರೆ ಊರಬಾಗಿಲು. ಆನೆ ನುಗ್ಗುವಷ್ಟು ಎತ್ತರದ ಕಲ್ಲಿನ ಕಮಾನು, ಅದರ ಎರಡೂ ಬದಿಗೆ ನಾಲ್ಕು ನಾಲ್ಕು ಕಂಬಗಳ ಕಟ್ಟೆ, ಮೇಲೆ ಹಂಚಿನ ಮಾಡು. ಊರಿಗೆ ಸಣ್ಣ ಅಗಸಿ ಎಂಬುದು ಇಲ್ಲದಿದ್ದರೂ ಜನ ಇದನ್ನು ದೊಡ್ಡಗಸಿ ಎಂದೇ ಕರೆಯುತ್ತಿದ್ದರು. ಆನೆ ಅದರೊಳಗೆ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಆದರೆ ಕಟ್ಟೆಯ ಮೇಲೆ ಕೂತವರ ದೌಲತ್ತು ಆನೆಯದಕ್ಕಿಂತ ಕಡಿಮೆ ಏನೂ ಇರಲಿಲ್ಲ.

ಊರಿನ ನ್ಯಾಯ ನಡೆಯುತ್ತಿದ್ದದ್ದು ಅಲ್ಲಿ. ಸರ್ಕಾರದ ಸಾರಾ, ಅಂದರೆ ಹೊಲದ ಕಂದಾಯ, ಕಟ್ಟುತ್ತಿದ್ದದ್ದು ಅಲ್ಲಿ. ಡಂಗುರ ಸಾರುತ್ತಿದ್ದದ್ದು, ಸುದ್ದಿ ಹುಟ್ಟುತ್ತಿದ್ದದ್ದು, ಸುದ್ದಿಗೆ ಕೈಕಾಲು ಮೂಡುತ್ತಿದ್ದದ್ದು ಎಲ್ಲವೂ ಅಲ್ಲೇ. ಹೆಂಗಸರು ಅಗಸಿಗೆ ಬಂದರೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಸೆರಗು ಹಣೆಯ ತನಕ ಎಳೆದುಕೊಂಡು, ಗೋಡೆಗೆ ಅಂಟಿಕೊಂಡಂತೆ ದಾಟಿ ಹೋಗಬೇಕು. ಕಟ್ಟೆ ಹತ್ತುವ ಮಾತಂತೂ ದೂರವೇ ಉಳಿಯಿತು. ಇದು ಯಾರು ಮಾಡಿದ ಕಟ್ಟಳೆ ಎಂದು ಕೇಳಿದರೆ ‘ಹಿಂದಿನಿಂದ ಬಂದದ್ದು’ ಎನ್ನುತ್ತಿದ್ದರು. ಹಿಂದಿನಿಂದ ಬಂದದ್ದೆಲ್ಲ ಹೆಂಗಸರ ಬೆನ್ನ ಮೇಲೆಯೇ ಯಾಕೆ ಬಂದು ಕೂರುತ್ತದೆ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಅಕ್ಕಾತಾಯಿಯೂ ಬಹಳ ವರ್ಷ ಕೇಳಲಿಲ್ಲ. ಕೇಳಿದ ದಿನ ಊರಿಗೆ ಉತ್ತರ ಕೊಡುವುದು ಕಷ್ಟವಾಯಿತು.

ಅವಳು ಹುಟ್ಟಿದ್ದು ಬೆಳಗಾವಿಗೆ ಹತ್ತಿಕೊಂಡ ಅನಗೋಳದಲ್ಲಿ, ಒಕ್ಕಲುತನ ಮಾಡುವ ಜೈನರ ಮನೆಯಲ್ಲಿ. ಅಜ್ಜಿಗೆ ಕಣ್ಣು ಮಂಜಾಗಿತ್ತು, ಆದರೆ ದಿನಾ ಸಂಜೆ ಪುರಾಣ ಕೇಳದೆ ಆಕೆ ತುತ್ತು ಎತ್ತುತ್ತಿರಲಿಲ್ಲ. ಹೊತ್ತು ಮುಳುಗುವ ಮುಂಚೆ ಊಟವಾಗಬೇಕು, ಊಟಕ್ಕಿಂತ ಮುಂಚೆ ಪುರಾಣವಾಗಬೇಕು. ಅಣ್ಣ ನೇಮಣ್ಣ ದಂಡಿನ ಗೋರಾ ಸಿಪಾಯಿಗಳ ಕವಾಯತು ನೋಡಲು ಓಡಿಹೋಗುತ್ತಿದ್ದ. ಹೀಗಾಗಿ ಅಕ್ಷರ ಕಲಿಯುವ ಕೆಲಸ ಅಕ್ಕಾತಾಯಿಯ ಪಾಲಿಗೆ ಬಂತು. ಹಸಿದ ಅಜ್ಜಿಯ ಮುಂದೆ ಕೂತು ಓದುವವಳು ತಡವರಿಸಿದರೆ ನಡೆಯುತ್ತದೆಯೇ? ಬೇಗ ಕಲಿತಳು, ಗಟ್ಟಿ ದನಿಯಲ್ಲಿ ಕಲಿತಳು. ಆ ಗಟ್ಟಿ ದನಿ ಮುಂದೆ ಅವಳ ಅತ್ತೆಗೆ ತಲೆನೋವಾಯಿತು.

ಖಾನಾಪುರದ ಸಾತಪ್ಪನಿಗೆ ಕೊಟ್ಟರು. ಸಾತಪ್ಪ ಮೆತ್ತಗಿನ ಮನುಷ್ಯ. ಎತ್ತಿಗೆ ಬಾರುಕೋಲು ತೋರಿಸಿದರೆ ತಾನೇ ಕಣ್ಣು ಮುಚ್ಚುತ್ತಿದ್ದ. ಆದರೆ ಮೆತ್ತಗಿದ್ದವರೆಲ್ಲ ದಡ್ಡರಲ್ಲ. ತಮ್ಮ ಜಿನಪ್ಪನ ಜೊತೆ ಹಿಸ್ಸೆಯಾದ ವರ್ಷವೇ ತನ್ನ ಪಾಲಿಗೆ ಬಂದ ಮಲಪ್ರಭೆಯ ದಂಡೆಯ ಗದ್ದೆಯನ್ನೂ ಕಬ್ಬಿನ ಹೊಲವನ್ನೂ ಹೆಂಡತಿಯ ಹೆಸರಿಗೆ ಬರೆಸಿಬಿಟ್ಟ. ತಮ್ಮನ ಮೇಲೆ ಅವನಿಗೆ ಪ್ರೀತಿ ಇತ್ತು, ನಂಬಿಕೆ ಇರಲಿಲ್ಲ.

ಜರ್ಮನ್ ಯುದ್ಧ ಮುಗಿಯುವ ಹೊತ್ತಿಗೆ ಮಾನಮೋಡಿ ಎಂಬ ಜ್ವರದ ಬೇನೆ ಬಂತು. ಮನೆಮನೆಗೆ ಹೊಕ್ಕು, ಬೆಳಿಗ್ಗೆ ಕೆಮ್ಮಿದವರನ್ನು ಸಂಜೆಗೆ ಒಯ್ಯಿತು. ಸಾತಪ್ಪನೂ ಹೋದ. ಮಕ್ಕಳಿರಲಿಲ್ಲ. ದಿನಕರ್ಮ ಮುಗಿಯುವ ಮೊದಲೇ ಜಿನಪ್ಪ ಅತ್ತಿಗೆಯ ಹತ್ತಿರ ಬಂದು, “ವೈನಿ, ಇನ್ನ ಹೊಲದ ಚಿಂತಿ ನನಗ ಬಿಡ್ರಿ. ನೀವು ದೇವರು ದಿಂಡರು ಅಂತ ಇದ್ದುಬಿಡ್ರಿ,” ಎಂದ.

“ಹೊಲಾ ಬಿಟ್ರ ದೇವರು ಊಟಕ್ಕ ಹಾಕ್ತಾನೇನು?” ಎಂದು ಕೇಳಿದಳು ಅಕ್ಕಾತಾಯಿ. ಮರುದಿನ ಬಿಳಿ ಸೀರೆಯ ಕಚ್ಚೆ ಬಿಗಿದು ನದಿ ದಾಟಿದಳು. ಅಲ್ಲಿಂದ ಮುಂದೆ ಬಿತ್ತಿದ್ದು ಅವಳು, ಕಳೆ ತೆಗೆಸಿದ್ದು ಅವಳು, ಗಾಣದ ಮುಂದೆ ನಿಂತು ಬೆಲ್ಲ ಮಾಡಿಸಿದ್ದೂ ಅವಳೇ.

ಈ ಕೆಲಸದಲ್ಲಿ ಜೊತೆಯಾದವಳು ಬಾಳವ್ವ. ಲಿಂಗಾಯತರ ಹೆಂಗಸು, ಪಕ್ಕದ ಓಣಿಯವಳು, ಅವಳೂ ಗಂಡನನ್ನು ಕಳೆದುಕೊಂಡವಳೇ. ಹೊಲವಿಲ್ಲ, ಎರಡು ಎಮ್ಮೆ, ಒಂದು ನಾಲಿಗೆ, ಅಷ್ಟೇ ಆಸ್ತಿ. ತವರು ಕಾಕತಿ. “ನಾ ಕಾಕತಿ ನೀರು ಕುಡದಾಕಿ. ನಮ್ಮೂರ ಹೆಣ್ಣು ಕಿತ್ತೂರಾಗ ಏನ ಮಾಡಿದಳು ಅಂತ ಹೇಳಬೇಕೇನ್ರಿ?” ಎಂದು ಬೆಣ್ಣೆಯ ತೂಕದಲ್ಲಿ ಜಗಳ ಬಂದಾಗಲೂ ಅನ್ನುತ್ತಿದ್ದಳು.

ವರ್ಷಕ್ಕೊಮ್ಮೆ ಸಾರಾ ಕಟ್ಟಲು ಅಕ್ಕಾತಾಯಿ ಅಗಸಿಗೆ ಹೋಗುತ್ತಿದ್ದಳು. ಕೆಳಗೆ ನಿಂತು ರೊಕ್ಕದ ಗಂಟನ್ನು ಕಾವಲುಗಾರ ಮೈಲಾರಲಿಂಗನ ಕೈಗೆ ಕೊಟ್ಟರೆ ಅವನು ಮೇಲೆ ಒಯ್ದು ಕೊಡುತ್ತಿದ್ದ. ರೊಕ್ಕ ಮೆಟ್ಟಿಲು ಹತ್ತುತ್ತಿತ್ತು, ರೊಕ್ಕದವಳು ಕೆಳಗೇ ನಿಂತಿರುತ್ತಿದ್ದಳು. ಒಮ್ಮೆ ಬಾಳವ್ವ ಇದನ್ನು ನೋಡಿ, “ಅಕ್ಕಾ, ನಿನ್ನ ರೊಕ್ಕಕ್ಕ ಇಲ್ಲದ ಮೈಲಿಗಿ ನಿನ್ನ ಕಾಲಿಗೆ ಐತೇನ?” ಎಂದಳು. ಅಕ್ಕಾತಾಯಿ ನಕ್ಕಳು. ಆದರೆ ಆ ಮಾತು ಹಲ್ಲಿನಲ್ಲಿ ಸಿಕ್ಕ ನಾರಿನ ಹಾಗೆ ಉಳಿಯಿತು.

ಮುಂಬೈ ಕೌನ್ಸಿಲ್ಲಿಗೆ ಆರಿಸಿ ಕಳಿಸುವ ಓಟು ಹೆಂಗಸರಿಗೂ ಉಂಟು ಎಂದು ಸರ್ಕಾರ ಒಪ್ಪಿ ಎರಡು ವರ್ಷವಾಗಿತ್ತು. ಎಲ್ಲ ಹೆಂಗಸರಿಗಲ್ಲ, ಗಂಡಸರಲ್ಲೂ ಎಲ್ಲರಿಗೆ ಎಲ್ಲಿತ್ತು? ಇಷ್ಟು ಸಾರಾ ಕಟ್ಟುವವರು ಎಂಬ ಲೆಕ್ಕವಿತ್ತು. ಆ ಲೆಕ್ಕದಲ್ಲಿ ಅಕ್ಕಾತಾಯಿ ಸರಾಗವಾಗಿ ಬರುತ್ತಿದ್ದಳು. ಇಪ್ಪತ್ತಮೂರನೇ ಇಸವಿಯ ಮಳೆಗಾಲದಲ್ಲಿ ಓಟುದಾರರ ಯಾದಿ, ಅಂದರೆ ಪಟ್ಟಿ, ಬಂದು ಅಗಸಿಯ ಗೋಡೆ ಹತ್ತಿತು. ಕಟ್ಟೆಯ ಮೇಲಿನ, ಒಳಗಿನ ಗೋಡೆ. ಮಳೆ ತಾಗಬಾರದು ಎಂದು ಅಲ್ಲಿ ಹಚ್ಚಿದ್ದಂತೆ. ತಪ್ಪಿದ್ದರೆ ಓದಿ ತಕರಾರು ಹೇಳಬಹುದು ಎಂದು ಡಂಗುರವೂ ಆಯಿತು. ಓದಬೇಕಾದರೆ ಕಟ್ಟೆ ಹತ್ತಬೇಕು, ಹೆಂಗಸರು ಕಟ್ಟೆ ಹತ್ತುವ ಹಾಗಿಲ್ಲ. ಕೊಟ್ಟ ಹಾಗೂ ಆಗಬೇಕು, ಮುಟ್ಟದ ಹಾಗೂ ಇರಬೇಕು. ದಾನ ಕೊಡುವ ಜಾಣರು ಯಾವಾಗಲೂ ಹೀಗೇ.

ಅಕ್ಕಾತಾಯಿ ಕೆಳಗೆ ನಿಂತು ಮೇಲಿದ್ದ ಜಿನಪ್ಪನನ್ನು ಕೇಳಿದಳು. ಅವನು ಯಾದಿಯ ಮೇಲೆ ಬೆರಳಾಡಿಸಿ, “ಐತಿ ವೈನಿ, ಐತಿ. ನೀವು ಮನಿಗೆ ನಡೀರಿ,” ಎಂದ. ನಂಬಿದಳು. ಓದು ಬಂದವಳು ತಾನೇ ಓದದೆ ನಂಬಿದ್ದು ಅದೊಂದೇ ಸಲ.

ಎರಡು ವಾರದ ಮೇಲೆ ಚುನಾವಣೆಗೆ ನಿಂತವರೊಬ್ಬರ ಕಡೆಯ ಜನ ಅವಳ ಬಾಗಿಲಿಗೆ ಬಂದರು. ಕೋಟು, ರುಮಾಲು, ಕೈಮುಗಿತ ಎಲ್ಲ ಇತ್ತು. “ಜಿನಪ್ಪನೋರು ಅದಾರೇನ್ರಿ? ನದೀ ದಂಡಿ ಹೊಲದ ಓಟು ಅವರ ಹೆಸರಿಲೆ ಐತಿ,” ಎಂದರು.

“ಆ ಹೊಲ ನಂದು,” ಎಂದಳು ಅಕ್ಕಾತಾಯಿ.

“ಹೊಲ ನಿಮ್ಮದs ಇರಬೇಕ್ರಿ ತಾಯಿ. ಓಟು ಅವರದು,” ಎಂದು ಬಂದವರು ತಿರುಗಿ ನಡೆದರು.

ಆಗ ಅವಳಿಗೆ ಬಂದ ಸಿಟ್ಟನ್ನು ಬಾಳವ್ವನೇ ಕಂಡು ಹೆದರಿದಳು. ಅಕ್ಕಾತಾಯಿ ಕೂಗಾಡಲಿಲ್ಲ. ಹಿತ್ತಲಿಗೆ ಹೋಗಿ ಒನಕೆ ತಗೊಂಡು, ಕುಟ್ಟುವ ಅಗತ್ಯವೇ ಇಲ್ಲದ ಭತ್ತವನ್ನು ಹಿಟ್ಟಾಗುವ ತನಕ ಕುಟ್ಟಿದಳು. “ಕೊಡೂದಕ್ಕ ನನ್ನ ಹೆಸರು ಬೇಕು. ಕೇಳೂದಕ್ಕ ಬ್ಯಾಡ. ಹಿಂಗಾತಲ್ಲ ಬಾಳವ್ವಾ,” ಎಂದಳು ಕೊನೆಗೆ. ಅಂದಿನಿಂದ ಅವಳಿಗೆ ಒಂದೇ ಹಟ: ಯಾದಿಯಲ್ಲಿ ತನ್ನ ಹೆಸರು ಬರಬೇಕು. ಯಾರನ್ನು ಆರಿಸಬೇಕು ಎಂಬುದು ಆಮೇಲಿನ ಮಾತು.

ಮರುದಿನ ರೈಲು ಹತ್ತಿ ಬೆಳಗಾವಿಗೆ ಹೋದಳು. ಅನಗೋಳದ ಅಣ್ಣ ನೇಮಣ್ಣ ತಲೆ ತುರಿಸಿಕೊಂಡು, “ಅಕ್ಕವ್ವಾ, ಓಟು ಏನು ಉಪ್ಪಿನಕಾಯಿ ಅಂತ ನೆಕ್ಕಾಕ ಬರತೈತೇನು? ಮನೀ ಮರ್ಯಾದಿ ನೋಡು,” ಎಂದ. “ನಡಿ, ಕಚೇರಿ ತೋರಿಸು. ಮರ್ಯಾದಿ ಹಿಂದಿಂದ ಬರತೈತಿ,” ಎಂದು ಅವನನ್ನೇ ಎಬ್ಬಿಸಿಕೊಂಡು ಹೊರಟಳು. ಕಚೇರಿಯ ಕಾರಕೂನ ಮರಾಠಿಯಲ್ಲಿ, “ಕಾಯ್ ಪಾಹಿಜೆ ಬಾಯಿ?” ಎಂದ, ಏನು ಬೇಕಮ್ಮ ಎಂದು. “ಮಾಝ ನಾವ್ ಪಾಹಿಜೆ,” ಎಂದಳು ಅಕ್ಕಾತಾಯಿ. ನನ್ನ ಹೆಸರು ಬೇಕು. ಕಾರಕೂನ ಕನ್ನಡಕದ ಮೇಲಿನಿಂದ ನೋಡಿದ. ನೇಮಣ್ಣ ಬಾಗಿಲ ಹೊರಗೆ ನಿಂತು ಮಳೆ ನೋಡುತ್ತಿದ್ದ. ಅರ್ಜಿ ಮಾತ್ರ ಒಳಗೆ ಹೋಯಿತು. ಉತ್ತರವೂ ಬಂತು: ಅಧಿಕಾರಿಗಳು ಖಾನಾಪುರಕ್ಕೇ ಬಂದು ವಿಚಾರಣೆ ಮಾಡುತ್ತಾರೆ. ಕರೆದಾಗ ಅರ್ಜಿದಾರಳು ಖುದ್ದಾಗಿ ಹಾಜರಿರಬೇಕು. ಗೈರುಹಾಜರಾದರೆ ಅರ್ಜಿ ಬಿತ್ತು.

ಇನ್ನು ಉಳವಪ್ಪ ಗೌಡನ ಬಗ್ಗೆ ಹೇಳಬೇಕು. ಊರಿನ ಗೌಡ, ಅಗಸಿ ಕಟ್ಟೆಯ ಒಡೆಯನೆಂದೇ ತನ್ನನ್ನು ತಿಳಿದವನು. ಕೆಟ್ಟವನೇನಲ್ಲ, ಬಡವರಿಗೆ ಕಾಳು ಕೊಟ್ಟವನು, ಲಿಂಗಪೂಜೆ ತಪ್ಪಿಸದವನು. ಆದರೆ ಲೋಕ ತನ್ನ ಅಜ್ಜ ಬಿಟ್ಟುಹೋದ ಜಾಗದಲ್ಲೇ ಅಲುಗದೆ ಕೂತಿರಬೇಕು ಎಂಬುದು ಅವನ ಆಸೆ. ಜಿನಪ್ಪ ಹೋಗಿ ಅವನ ಕಿವಿಯಲ್ಲಿ ಊದಿದ. ಗೌಡ ಅಧಿಕಾರಿಗಳಿಗೆ ಹೇಳಿಕಳಿಸಿದ: ಹೊಲ ಯಾರು ಉಳುತ್ತಾರೆ ಎಂದು ಸಾಕ್ಷಿ ಹೇಳುವವರೆಲ್ಲ ಅಗಸಿಯಲ್ಲಿ ಸಿಗುತ್ತಾರೆ, ವಿಚಾರಣೆ ಅಲ್ಲೇ ಕಟ್ಟೆಯ ಮೇಲೆ ಆಗಲಿ, ದಿನ ಅನಂತ ಚತುರ್ದಶಿಯಾದರೆ ಎಲ್ಲರೂ ಊರಲ್ಲಿರುತ್ತಾರೆ. ಅಧಿಕಾರಿಗಳಿಗೆ ಏನು ಗೊತ್ತು? ಒಪ್ಪಿದರು.

ಜಾಗಕ್ಕೊಂದು ಕೀಲಿ, ದಿನಕ್ಕೊಂದು ಕೀಲಿ. ಜಾಗದ ಕೀಲಿ ಎಲ್ಲರಿಗೂ ಕಾಣುತ್ತಿತ್ತು. ದಿನದ ಕೀಲಿ ಜಿನಪ್ಪನ ಸ್ವಂತ ತಲೆಯದು. ಭಾದ್ರಪದದ ಆ ಚತುರ್ದಶಿಯಂದು ಜೈನರಲ್ಲಿ ಅನಂತನ ನೋಂಪಿ, ಅಂದರೆ ವ್ರತ, ಹಿಡಿದವರು ಅನ್ನ ನೀರು ಬಿಡುತ್ತಾರೆ. ಅದರ ಜೊತೆಗೆ ಸೀಮೆ ಕಟ್ಟಿಕೊಳ್ಳುತ್ತಾರೆ: ಇವತ್ತು ಹೊತ್ತು ಮುಳುಗುವ ತನಕ ಇಂಥ ಜಾಗ ಬಿಟ್ಟು ಆಚೆ ಕಾಲಿಡುವುದಿಲ್ಲ ಎಂದು ಬೆಳಿಗ್ಗೆ ದೇವರ ಮುಂದೆ, ಸೇರಿದವರ ಮುಂದೆ ಬಾಯಿಬಿಟ್ಟು ಹೇಳುತ್ತಾರೆ. ಹೇಳಿದ ಮೇಲೆ ಮುಗಿಯಿತು, ಮನೆಗೆ ಬೆಂಕಿ ಬಿದ್ದರೂ ಕದಲುವಂತಿಲ್ಲ. ಅಕ್ಕಾತಾಯಿ ಗಂಡ ಸತ್ತಾಗಿನಿಂದ ಈ ನೋಂಪಿ ಹಿಡಿದಿದ್ದಳು. ವ್ರತ ಮುಗಿಸುವ ಉದ್ಯಾಪನೆಗೆ ಇನ್ನೂ ಹಲವು ವರ್ಷ ಬಾಕಿ ಇತ್ತು. ನಡುವೆ ಒಂದು ವರ್ಷ ಬಿಟ್ಟರೆ ಹಿಂದಿನದೆಲ್ಲ ನೀರಿಗೆ ಹೋದ ಹಾಗೆ. ಪ್ರತಿವರ್ಷ ಅವಳ ಸೀಮೆ ಬಸದಿಯ ಪ್ರಾಕಾರ. ಎಲ್ಲರ ಸೀಮೆಯೂ ಅದೇ.

ಡಂಗುರವಾದ ಸಂಜೆ ಜಿನಪ್ಪ ಹೂವು ಹಣ್ಣು ತಗೊಂಡು ಬಂದ. “ವೈನಿ, ದಿನಾ ಹಿಂಗ ಬರಬಾರದಿತ್ತು ನೋಡ್ರಿ. ನೋಂಪಿ ಮಾತ್ರ ಬಿಡಬ್ಯಾಡ್ರಿ, ನಮ್ಮಣ್ಣನ ಆತ್ಮಾ ನೊಂದುಕೋತೈತಿ. ಅಗಸ್ಯಾಗ ನಿಮ್ಮ ಪರವಾಗಿ ನಾ ನಿಂತು ಹೇಳ್ತೀನಿ,” ಎಂದ. ಕುರಿ ಕಾಯಲು ತೋಳ ಬಂದು ಕೋಲು ಕೇಳಿದ ಹಾಗಿತ್ತು ಅವನ ವಿನಯ.

ಅವನು ಹೋದ ಮೇಲೆ ಅಕ್ಕಾತಾಯಿ ಅತ್ತಳು. ಇದನ್ನು ಮುಚ್ಚಿಡಬೇಕಾಗಿಲ್ಲ. ನೋಂಪಿ ಬಿಟ್ಟರೆ ಗಂಡನ ಹೆಸರಿನಲ್ಲಿ ಹಿಡಿದ ವ್ರತ ಮುರಿಯುತ್ತದೆ. ನೋಂಪಿ ಹಿಡಿದರೆ ಹೆಸರು ಹೋಗುತ್ತದೆ. ಹಣ್ಣುಗಳನ್ನು ಬಾಳವ್ವನ ಎಮ್ಮೆಗಳು ತಿಂದವು.

ಮರುದಿನ ಬಸದಿಗೆ ಹೋಗಿ ಧನ್ಯಕುಮಾರ ಉಪಾಧ್ಯೆಯ ಮುಂದೆ ಕೂತಳು. ಉಪಾಧ್ಯೆ ಎಂದರೆ ಬಸದಿಯ ಪೂಜಾರಿ. ಮುದುಕ, ಜಿನಪ್ಪನಂಥವರು ಕೊಡುವ ಕಾಳಿನ ಮೇಲೆ ಬದುಕಿದವನು, ಹೀಗಾಗಿ ಯಾರನ್ನೂ ಎದುರು ಹಾಕಿಕೊಳ್ಳದವನು.

“ಸೀಮಿ ಬಸ್ತಿನs ಆಗಬೇಕಂತ ಶಾಸ್ತ್ರದಾಗ ಐತೇನ್ರಿ?” ಎಂದು ಕೇಳಿದಳು.

ಉಪಾಧ್ಯೆ ಬಹಳ ಹೊತ್ತು ಗಂಧ ತೇಯ್ದ. ಆ ದಿನಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ತೇಯ್ದ. “ಇಲ್ಲವ್ವಾ. ಮನಿ ಆಗಬಹುದು, ಹೊಲ ಆಗಬಹುದು, ಒಂದು ಗಿಡದ ನೆರಳೂ ಆಗಬಹುದು. ಕಟ್ಟಿಕೊಳ್ಳೋರ ಮನಸು. ಬಸ್ತಿ ಅನ್ನೂದು ರೂಢಿ ಅಷ್ಟ,” ಎಂದ. ಆಮೇಲೆ ತಗ್ಗಿದ ದನಿಯಲ್ಲಿ, “ನೀ ಯಾಕ ಕೇಳಿದಿ ಅಂತ ನಾ ಕೇಳೂದಿಲ್ಲ,” ಎಂದು ಸೇರಿಸಿದ.

“ಕೇಳಬ್ಯಾಡ್ರಿ,” ಎಂದು ಎದ್ದಳು.

ಚತುರ್ದಶಿಯ ಬೆಳಿಗ್ಗೆ ಬಸದಿ ತುಂಬಿತ್ತು. ಅಭಿಷೇಕದ ಮುಂದಾಳು ಜಿನಪ್ಪನೇ. ನೋಂಪಿ ಹಿಡಿದವನಲ್ಲ, ಆದರೂ ಮಡಿ ಉಟ್ಟು, ತೋಳಿಗೆ ಅನಂತನ ದಾರ ಕಟ್ಟಿಕೊಂಡು, ಹಾಲಿನ ಕಳಶ ಹಿಡಿದು ನಿಂತಿದ್ದ. ನೋಂಪಿಯವರು ಒಬ್ಬೊಬ್ಬರಾಗಿ ಮುಂದೆ ಬಂದು ತಮ್ಮ ವ್ರತ ಹೇಳುತ್ತಿದ್ದರು. ಪ್ರತಿ ಸಲವೂ ಕೂಡಿದವರೆಲ್ಲ ಕೈಮುಗಿದು ‘ಅನುಮೋದನಾ’ ಎನ್ನಬೇಕು. ನಿನ್ನ ವ್ರತಕ್ಕೆ ನಾವೂ ಒಪ್ಪಿದೆವು, ಅದು ಮುರಿದರೆ ಪಾಪದಲ್ಲಿ ನಾವೂ ಪಾಲುದಾರರು ಎಂದು ಅದರ ಅರ್ಥ. ವರ್ಷವರ್ಷವೂ ಅದೇ ಮಾತು, ಅದೇ ಸೀಮೆ. ಯಾರೂ ಕಿವಿಗೊಟ್ಟು ಕೇಳುವ ಪರಿಪಾಠವೇ ಇರಲಿಲ್ಲ.

ಅಕ್ಕಾತಾಯಿ ಮುಂದೆ ಬಂದಳು. ಪುರಾಣ ಓದಿದ ಆ ಗಟ್ಟಿ ದನಿಯಲ್ಲೇ ಹೇಳಿದಳು: “ಹೊತ್ತು ಮುಳುಗೂತನಕ ಅನ್ನ ನೀರು ಬಿಟ್ಟೀನಿ. ನನ್ನ ಸೀಮಿ ದೊಡ್ಡಗಸಿಯ ಬಲಗಡಿ ಕಟ್ಟಿ. ಅಲ್ಲಿ ಹೋಗಿ ಕುಂತ ಮ್ಯಾಲ ಅದರ ನಾಲ್ಕು ಕಂಬ ಬಿಟ್ಟು ಆಚೆ ಕಾಲಿಡೂದಿಲ್ಲ.”

“ಅನುಮೋದನಾ!” ಎಂದರು ಎಲ್ಲರೂ. ಎಲ್ಲರಿಗಿಂತ ಗಟ್ಟಿಯಾಗಿ ಎಂದವನು ಜಿನಪ್ಪ. ಮುಂದಾಳಲ್ಲವೇ?

ಎಂದ ಮೇಲೆ ಕಿವಿಯೊಳಗೆ ಹೊಕ್ಕದ್ದು ತಲೆಗೆ ಹೋಯಿತು. ಕಳಶದ ಹಾಲು ದೇವರ ಮೇಲೆ ಬೀಳುವ ಬದಲು ಅವನ ಕಾಲಿನ ಮೇಲೆ ಬಿತ್ತು. “ವೈನಿ, ಏನಂದ್ರಿ?” ಎಂದ. ಅಷ್ಟರಲ್ಲಿ ಅಕ್ಕಾತಾಯಿ ನಮಸ್ಕಾರ ಮಾಡಿ ಬಾಗಿಲು ದಾಟಿದ್ದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಉಪಾಧ್ಯೆ ತಲೆ ಎತ್ತದೆ ಮಂತ್ರ ಹೇಳುತ್ತಲೇ ಇದ್ದ. ಅಂದು ಅವನು ಹೇಳಿದಷ್ಟು ಏಕಚಿತ್ತದಿಂದ ಯಾವತ್ತೂ ಹೇಳಿರಲಿಕ್ಕಿಲ್ಲ.

ಅಗಸಿಯಲ್ಲಿ ಮೈಲಾರಲಿಂಗ ಕಸ ಹೊಡೆದು ಮುಗಿಸಿ ಕಂಬಕ್ಕೆ ಒರಗಿದ್ದ. ಬಿಳಿ ಸೀರೆಯ ಹೆಂಗಸು ಮೆಟ್ಟಿಲು ಹತ್ತಿದ್ದು ಕಂಡು ಎದ್ದುಬಿಟ್ಟ. “ಅವ್ವಾರ, ಇಳೀರಿ! ಗೌಡ್ರು ಕಂಡ್ರ ನನ್ನ ಚರ್ಮಾ ಸುಲೀತಾರು!”

“ನೀ ನನ್ನ ಹತ್ತಿಸಿಲ್ಲ, ಲಿಂಗಪ್ಪಾ. ಹಂಗಂತ ಹೇಳು,” ಎಂದು ಅಕ್ಕಾತಾಯಿ, ಇರುವೆ ಗಿರುವೆ ಸಾಯಬಾರದೆಂದು ಸೆರಗಿನ ತುದಿಯಿಂದ ನೆಲ ಮೆಲ್ಲಗೆ ಒರೆಸಿ, ಗೋಡೆಗೆ ಬೆನ್ನು ಕೊಟ್ಟು ಕೂತಳು. ಜಪಮಾಲೆ ಕೈಗೆ ತಗೊಂಡಳು. ಅಲ್ಲಿಂದ ಊರು ಎಷ್ಟು ಚೆಂದ ಕಾಣುತ್ತದೆ ಎಂದು ಅವಳಿಗೆ ಅನ್ನಿಸಿತು. ಬೀದಿಯ ಎರಡೂ ತುದಿ ಕಾಣುತ್ತಿತ್ತು, ಬರುವವರೂ ಹೋಗುವವರೂ ಕಾಣುತ್ತಿದ್ದರು. ಈ ಗಂಡಸರು ಯಾಕೆ ಇಳಿಯುವುದಿಲ್ಲ ಎಂದು ಅವಳಿಗೆ ಅಂದು ತಿಳಿಯಿತು.

ಉಳವಪ್ಪ ಗೌಡ ಬಂದ, ಹಿಂದೆ ಹತ್ತಾರು ಜನ. ಜಿನಪ್ಪನೂ ಒದ್ದೆ ಕಾಲಿನಲ್ಲೇ ಓಡಿಬಂದ. ಗೌಡನ ಮೀಸೆ ಮೊದಲು ಸಿಟ್ಟಾಯಿತು, ಆಮೇಲೆ ಗೌಡ.

“ಏನಿದು? ಹೆಣ್ಣ ಹೆಂಗಸು ಅಗಸಿ ಕಟ್ಟಿ ಮ್ಯಾಲ! ಇಳೀ ಕೆಳಗ!”

“ನೋಂಪಿ ಸೀಮಿ ಐತ್ರಿ ಗೌಡ್ರ. ಇಳಿಯಾಕ ಬರೂದಿಲ್ಲ.”

“ಜಿನಪ್ಪಾ, ನಿಮ್ಮ ಮನೀ ಹೆಣಮಗಳು. ಎಬ್ಬಿಸು.”

ಜಿನಪ್ಪ ಒಂದು ಮೆಟ್ಟಿಲು ಹತ್ತಿದ. ಅವನ ಹಿಂದೆ ಬಸದಿಯಿಂದ ಬಂದ, ನೋಂಪಿ ಇಲ್ಲದ ಹೆಂಗಸರ ಗುಂಪು ನಿಂತಿತ್ತು. “ಜಿನಪ್ಪಾ, ಅನುಮೋದನಾ ಅಂದಾಂವ ನೀನ. ಮುಟ್ಟಿದರ ನೋಂಪಿ ಮುರದ ಪಾಪ ನಿನಗ,” ಎಂದು ಯಾರೋ ಹಿರಿಯಳು ಅಂದಳು. ಜಿನಪ್ಪ ಆ ಮೆಟ್ಟಿಲನ್ನು ಇಳಿದ.

ಗೌಡ ಸುತ್ತ ನೋಡಿದ. ಯಾರೂ ಮುಂದೆ ಬರಲಿಲ್ಲ. ಆಗ ಅಕ್ಕಾತಾಯಿ ಕೇಳಿದಳು, “ಗೌಡ್ರ, ನೀವು ಲಿಂಗಪೂಜಿಗೆ ಕುಂತಾಗ ಯಾರರೆ ಬಂದು ಏಳ ಅಂದ್ರ ಏಳ್ತೀರೇನ್ರಿ?”

ಗೌಡನ ಕೈ ತನಗರಿಯದೆ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ಏಳುತ್ತೇನೆ ಎನ್ನಲು ಅವನಿಂದ ಆಗಲಿಲ್ಲ, ಏಳುವುದಿಲ್ಲ ಎಂದರೆ ಮಾತು ಮುಗಿದ ಹಾಗೆ.

ಆಮೇಲೆ ಬಂದದ್ದು ಇನ್ನೊಂದು ಪೇಚು. ಹೆಂಗಸಿನ ಸರಿಸಮ ಅದೇ ಕಟ್ಟೆಯ ಮೇಲೆ ಹೇಗೆ ಕೂರುವುದು? ಎದುರಿನ ಕಟ್ಟೆಯಲ್ಲಿ ಅಧಿಕಾರಿಗಳ ಕುರ್ಚಿ, ಮೇಜು. ಹೀಗಾಗಿ ಊರಿನ ಹಿರಿಯರೆಲ್ಲ ಕೆಳಗೆ ಬೀದಿಯಲ್ಲಿ ನಿಂತರು. ಭಾದ್ರಪದದ ಜಿಟಿಜಿಟಿ ಮಳೆ ರುಮಾಲುಗಳ ಮೇಲೆ ಬೀಳತೊಡಗಿತು. ಹಾಲು ಹಾಕಿ ಬರುತ್ತಿದ್ದ ಬಾಳವ್ವ ಈ ನೋಟ ಕಂಡು ಅಲ್ಲೇ ನಿಂತಳು. “ಗೌಡ್ರ, ತೋಯ್ಸಿಕೋಬ್ಯಾಡ್ರಿ. ಗೋಡಿಗೆ ಹತ್ತಿ ನಿಂದರ್ರಿ, ನಾವು ಹಂಗs ನಿಂದರತೀವಿ,” ಎಂದು ಉಪಚಾರ ಮಾಡಿದಳು.

ಅಧಿಕಾರಿ ಬಂದರು. ಕನ್ನಡ ಮರಾಠಿ ಎರಡೂ ಬಲ್ಲವರು, ಊಟದ ಹೊತ್ತಿಗೆ ಮುಗಿಸುವ ಅವಸರದವರು. ಕಮಾನಿನ ಆಚೆಯ ಕಟ್ಟೆಯಲ್ಲಿ ಬಿಳಿ ಸೀರೆಯವಳೊಬ್ಬಳು ಜಪ ಮಾಡುತ್ತಿದ್ದದ್ದನ್ನು ನೋಡಿದರು. ಊರಿನ ಪದ್ಧತಿ ಇರಬೇಕು ಎಂದುಕೊಂಡು ಮೇಜಿಗೆ ಕೂತರು. ಒಂದೆರಡು ತಕರಾರು ಮುಗಿದವು. ಆಮೇಲೆ ಕಾರಕೂನ ಎದ್ದು, ರೂಢಿಯಂತೆ ಬೀದಿಯ ಕಡೆ ಮುಖ ಮಾಡಿ ಕೂಗಿದ: “ಅಕ್ಕಾತಾಯಿ ಕೋಂ ಸಾತಪ್ಪ!” ಸಾತಪ್ಪನ ಹೆಂಡತಿ ಅಕ್ಕಾತಾಯಿ ಎಂದು.

ಜಿನಪ್ಪನ ಬಾಯಿ ಮನೆಯಲ್ಲಿ ಉರು ಹೊಡೆದ ಪಾಠವನ್ನು ಒಪ್ಪಿಸಿಬಿಟ್ಟಿತು. “ಆಕಿ ನೋಂಪ್ಯಾಗ ಅದಾಳ್ರಿ ಸಾಹೇಬ್ರ, ಬರಾಕಾಗೂದಿಲ್ಲ—”

“ಹಾಜರ ಅದೀನ್ರಿ,” ಎಂದಿತು ಆಚೆಯ ಕಟ್ಟೆ. “ನೀವು ಬರೂಕಿಂತ ಮೊದಲs ಹಾಜರ ಅದೀನಿ.”

ಕೆಳಗೆ ಯಾರೋ ನಕ್ಕರು. ಗೌಡ ತಿರುಗಿ ನೋಡಿದ ಮೇಲೂ ನಕ್ಕರು.

ಅಧಿಕಾರಿ ವಿಚಾರಿಸಿದರು. ಜಿನಪ್ಪ ಅಷ್ಟರಲ್ಲಿ ಸಾವರಿಸಿಕೊಂಡಿದ್ದ. ಹೊಲ ಹೆಸರಿಗೆ ಮಾತ್ರ ವೈನಿಯದು, ಹೆಂಗಸರು ಹೊಲಕ್ಕೆ ಹೋಗುವ ಪದ್ಧತಿ ತಮ್ಮ ಮನೆತನದಲ್ಲಿಲ್ಲ, ಕಾರಭಾರವೆಲ್ಲ ಗಂಡಸರದೇ, ಅದಕ್ಕೇ ಓಟು ಗಂಡಸಿನ ಹೆಸರಿಗೆ ಬಂದದ್ದು ನ್ಯಾಯವೇ ಎಂದು ಸುತ್ತಿ ಸುತ್ತಿ ಹೇಳಿದ. ನೇರ ಸುಳ್ಳು ಒಂದೂ ಇರಲಿಲ್ಲ. ಒಂದೂ ನಿಜ ಇರಲಿಲ್ಲ.

ಅಕ್ಕಾತಾಯಿ ಕೂತಲ್ಲಿಂದಲೇ ಕೇಳಿದಳು, “ಸಾಹೇಬ್ರ, ನಾ ಒಂದs ಮಾತು ಕೇಳ್ಲೇನ್ರಿ?” ಅವರು ತಲೆಯಾಡಿಸಿದರು.

“ಜಿನಪ್ಪಾ, ನಿನ್ನ ತೋಳಿನಾಗ ಅನಂತನ ದಾರ ಐತಿ. ಅದನ್ನ ಮುಟ್ಟಿ ಹೇಳು. ನಿಮ್ಮಣ್ಣ ಸತ್ತ ಮ್ಯಾಲ ಆ ಹೊಲದಾಗ ನೀ ಒಂದ ದಿನಾ ಕಾಲಿಟ್ಟಿಯೇನ?”

ಬೇರೆ ದಿನವಾಗಿದ್ದರೆ ಜಿನಪ್ಪ ಇಟ್ಟೀನಿ ಎಂದು ಸರಾಗವಾಗಿ ಹೇಳುತ್ತಿದ್ದ. ನಿನ್ನೆ ಹೇಳುತ್ತಿದ್ದ, ನಾಳೆ ಹೇಳುತ್ತಿದ್ದ. ಆದರೆ ಅನಂತನ ದಾರ ತೋಳಿನಲ್ಲಿದ್ದಾಗ ಸುಳ್ಳಾಡುವುದು ಅವನ ಏಳು ತಲೆಮಾರಿನಲ್ಲಿ ಯಾರೂ ಮಾಡಿರಲಿಲ್ಲ. ಆಸೆ ಅವನಿಗೆ ದೊಡ್ಡದಿತ್ತು, ನಿಜ. ದೇವರ ಭಯ ಅದಕ್ಕಿಂತ ಒಂದು ಬೆರಳು ದೊಡ್ಡದಿತ್ತು. ಆ ದಿನವನ್ನು ಹುಡುಕಿ ಹುಡುಕಿ ಆರಿಸಿದವನು ಅವನೇ. ದಾರದ ಮೇಲೆ ಕೈಯಿಟ್ಟ, ತೆಗೆದ, ಮತ್ತೆ ಇಟ್ಟ.

“ಇಲ್ಲ,” ಎಂದ. ಮಳೆಯ ಸದ್ದಿನಲ್ಲಿ ಕೇಳಿಸಲಿಲ್ಲ ಎಂದು ಅಧಿಕಾರಿ ಮತ್ತೊಮ್ಮೆ ಹೇಳಿಸಿದರು. “ಇಲ್ರಿ. ಹೊಲಾ ಮಾಡೂದು ಆಕಿನs.”

ಯಾದಿಯಲ್ಲಿ ಅಕ್ಕಾತಾಯಿಯ ಹೆಸರು ಸೇರಿತು. ಕಾರಕೂನ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಅವಳ ಹೆಸರನ್ನು ಆ ಅಗಸಿಯಲ್ಲಿ ಅಷ್ಟು ಗಟ್ಟಿಯಾಗಿ, ಬೈಯದೆ, ಯಾರೂ ಅಂದಿರಲಿಲ್ಲ.

ಮುಂದಿನದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಚುನಾವಣೆಯಲ್ಲಿ ಅಕ್ಕಾತಾಯಿ ಓಟು ಹಾಕಿದಳು. ಅವಳು ಹಾಕಿದವನು ಸೋತ. ಜಿನಪ್ಪ ಆ ಸುದ್ದಿಯನ್ನು ಬಹಳ ಉತ್ಸಾಹದಿಂದ ತಂದಾಗ, “ಸೋಲಲಿ ಬಿಡು. ಸೋತಾಂವ ಅಂವ, ನಾ ಅಲ್ಲ,” ಎಂದಳು. ಬದುಕಿದ್ದಷ್ಟು ಕಾಲ ಒಂದು ಓಟನ್ನೂ ತಪ್ಪಿಸಲಿಲ್ಲ. ಯಾರಿಗೆ ಹಾಕಿದೆ ಎಂದು ಬಾಳವ್ವನಿಗೂ ಹೇಳಲಿಲ್ಲ. ಆ ಒಂದು ವಿಷಯಕ್ಕೆ ಬಾಳವ್ವ ಅವಳ ಮೇಲೆ ಕೊನೆತನಕ ಸಿಟ್ಟಾಗಿದ್ದಳು.

ಆದರೆ ಅಂದಿನ ದಿನ ಇನ್ನೂ ಮುಗಿದಿರಲಿಲ್ಲ. ಅಧಿಕಾರಿ ಟಾಂಗಾ ಹತ್ತಿ ಹೋದರು. ಮಳೆಯಲ್ಲಿ ತೊಯ್ದ ಉಳವಪ್ಪ ಗೌಡ ಮೆಟ್ಟಿಲ ಬಳಿ ಬಂದು, ದನಿ ತಗ್ಗಿಸಿ, “ಆತಲ್ಲವಾ, ಹೆಸರು ಬಂತು. ಇನ್ನರೆ ಇಳೀ,” ಎಂದ.

“ಹೊತ್ತು ಮುಳುಗೂತನಕ ಇದು ನನ್ನ ಸೀಮಿ, ಗೌಡ್ರ,” ಎಂದಳು ಅಕ್ಕಾತಾಯಿ. “ಮುಳುಗಿದ ಮ್ಯಾಲೂ ಇಳೀತೀನಂತ ಹೇಳಾಕ ಬರೂದಿಲ್ರಿ. ಕಟ್ಟಿ ಛಲೋ ಐತಿ.”

ಆಗ ಬಾಳವ್ವ ಹಾಲಿನ ಗಡಿಗೆ ಬೀದಿಯಲ್ಲೇ ಇಟ್ಟಳು. ಸೀರೆ ಎತ್ತಿ ಹಿಡಿದು ಧಪಧಪನೆ ಮೆಟ್ಟಿಲು ಹತ್ತಿ ಅಕ್ಕಾತಾಯಿಯ ಬಾಜು ಕೂತು ಕಾಲು ಚಾಚಿದಳು. ಬಸದಿಯ ಹೆಂಗಸರಲ್ಲಿ ಇಬ್ಬರು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ನಿಂತರು, ಮೇಲೆ ನೋಡಿದರು, ಎರಡನೆಯದರ ಮೇಲೂ ಇಟ್ಟರು. ಅಕ್ಕಾತಾಯಿಗಾದರೆ ವ್ರತವಿತ್ತು, ಗೌಡ ಅದನ್ನು ನುಂಗಿಕೊಂಡಿದ್ದ. ಇದನ್ನು ನುಂಗಲು ಅವನಿಂದ ಆಗಲಿಲ್ಲ.

“ಬಾಳವ್ವಾ! ನಿನಗ ನೋಂಪಿ ಇಲ್ಲ, ಹೊಲ ಇಲ್ಲ, ಓಟೂ ಇಲ್ಲ. ನೀ ಯಾಕ ಹತ್ತಿದಿ?” ಎಂದು ಗುಡುಗಿದ.

ಬಾಳವ್ವ ಸೀರೆಯ ನೆರಿಗೆ ಸರಿ ಮಾಡಿಕೊಂಡು, ಮೆಟ್ಟಿಲ ಮೇಲಿನ ಹೆಂಗಸರಿಗೆ ಜಾಗ ಆಗಲೆಂದು ಇನ್ನಷ್ಟು ಒಳಗೆ ಸರಿದಳು.

“ಕಾಲು ಅದಾವ್ರಿ ಗೌಡ್ರ,” ಎಂದಳು. “ಅದಕ್ಕ ಹತ್ತಿದೆ.”